ಸಾಹುಕಾರರ ಒಂದೇ ಕೋಟು

ಸೋಮವಾರ, ಬೆಳಗ್ಗೆ ಒಂಬತ್ತೂಕಾಲು. ಹಾಜರಿದ್ದವರು ನಾನು ಮತ್ತು ನನ್ನ ಸೊಸೆ ಸುಮಾ. ಸ್ಥಳ, ಕೊಡಿಗೇಹಳ್ಳಿಯ ನಮ್ಮ ಮನೆಯ ತಾರಸಿ. ಕೆಲಸ, ಉಣ್ಣೆಯ ಬಟ್ಟೆಗಳನ್ನು ಬಿಸಿಲಿಗೆ ಹರಡುವುದು. ಇಷ್ಟನ್ನು ಬರೆಯದೆ ಮುಂದಿನ ವಾಕ್ಯಕ್ಕೆ ಹೋಗುವುದು ನನ್ನಿಂದಾಗದು. ಬಹಳ ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು ನಾನು. ಹಾಜರಿ ಕರೆಯದೆ ಒಂದು ದಿನವೂ ಪಾಠ ಶುರುಮಾಡಿದವಳಲ್ಲ.

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಸುಮಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮುಚ್ಚಳ ಹಿಡಿದುಕೊಂಡು ಹಾಗೆಯೇ ನಿಂತೆ. ನಿಮಗೂ ಹೀಗಾಗುತ್ತದಲ್ಲವೇ? ವಾಸನೆ ಇಂದಿನದು, ನಾವು ನಿಂತಿರುವುದು ಇನ್ನೆಲ್ಲೋ. ನಾನು ನಿಂತಿದ್ದದ್ದು ಯಶವಂತಪುರದ ನಮ್ಮ ಹಳೆಯ ಮನೆಯ ಅಂಗಳದಲ್ಲಿ, ಚನ್ನಬಸಯ್ಯನವರ ಕೋಟಿನ ಎದುರು.

ಐವತ್ತರ ದಶಕ ಮುಗಿದು ಅರವತ್ತರದು ಆಗಷ್ಟೇ ಶುರುವಾಗಿತ್ತು. ಅಪ್ಪ ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು. ನಮ್ಮ ಮನೆಯ ಗಡಿಯಾರ ಗೋಡೆಯ ಮೇಲಿರಲಿಲ್ಲ, ಅಪ್ಪನ ಕಾಲಲ್ಲಿತ್ತು. ಹನ್ನೆರಡೂವರೆಗೆ ಅವರ ಚಪ್ಪಲಿ ಅಂಗಳದಲ್ಲಿ ಸದ್ದು ಮಾಡಿದರೆ ಅಮ್ಮ ಎಲೆ ಹಾಕುತ್ತಿದ್ದರು. ನನಗೆ ಆಗ ಇಪ್ಪತ್ತು. ಮಹಿಳಾ ಸಮಾಜದ ಹೊಲಿಗೆ ತರಗತಿಯಲ್ಲಿ ಮೊದಲನೆಯವಳಾಗಿ ಪಾಸಾಗಿ, ಊರಿನಲ್ಲಿ ಹರಿದದ್ದೆಲ್ಲ ನನಗಾಗಿಯೇ ಹರಿದಿದೆ ಎಂದು ನಂಬಿಕೊಂಡಿದ್ದೆ. ನೆಂಟರ ಮನೆಗೆ ಹೋದರೂ ಕಣ್ಣು ಮೊದಲು ಬಿಟ್ಟುಹೋದ ಗುಂಡಿಯ ಮೇಲೆ, ಆಮೇಲೆ ಅವರ ಮುಖದ ಮೇಲೆ. ಈ ರೋಗ ಇನ್ನೂ ಪೂರ್ತಿ ವಾಸಿಯಾಗಿಲ್ಲ.

ನಮ್ಮ ಮನೆಯ ಹಿಂಭಾಗವನ್ನು ಅಪ್ಪ ಚನ್ನಬಸಯ್ಯನವರಿಗೆ ಬಾಡಿಗೆಗೆ ಕೊಟ್ಟಿದ್ದರು. ನಾಟಕದ ಕಂಪನಿಯಲ್ಲಿ ಇಪ್ಪತ್ತು ವರ್ಷ ಇದ್ದು ಸಿನಿಮಾಕ್ಕೆ ಬಂದವರು. ಎತ್ತರದ ಆಳು, ತುಂಬು ಮೀಸೆ, ಅಂಗಳದ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯಲ್ಲಿ ಪಾತ್ರೆ ಅದುರುವಂಥ ಕಂಠ. ಸಿನಿಮಾದಲ್ಲಿ ಅವರದು ಯಾವಾಗಲೂ ಒಂದೇ ಪಾತ್ರ, ಊರಿನ ಕೆಟ್ಟ ಸಾಹುಕಾರ. ನಾಲ್ಕು ಚಿತ್ರದಲ್ಲಿ ನಾಲ್ಕು ಊರಿನ ಜನರನ್ನು ಗೋಳುಹೊಯ್ದುಕೊಂಡಿದ್ದರು. ಹೀಗಾಗಿ ಟೆಂಟ್ ಸಿನಿಮಾ ಇದ್ದ ಕಡೆಯೆಲ್ಲ ಅವರ ಹೆಸರು ಮರೆತು ಸಾಹುಕಾರ ಎಂಬುದೇ ನಿಂತುಬಿಟ್ಟಿತ್ತು.

ಈ ಹೆಸರು ಅವರಿಗೆ ತಂದ ಕಷ್ಟ ಒಂದೆರಡಲ್ಲ. ಸಂತೆಗೆ ಹೋದರೆ ತರಕಾರಿಯ ಮುನಿಯಮ್ಮ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದಳು. "ಅಯ್ಯೋ ಸಾವ್ಕಾರ್ರೇ, ಬಡವ್ರ ಒಲ ಎಲ್ಲಾ ಬರೆಸ್ಕಂಡು ಈಗ ಬದ್ನೇಕಾಯ್ಗೂ ಇಂಗೆ ಚೌಕಾಸಿ ಮಾಡ್ತೀರಲ್ಲ!" ಸುತ್ತಲಿನವರು ನಗುತ್ತಿದ್ದರು. ಚನ್ನಬಸಯ್ಯನವರೂ ಮೀಸೆ ತಿರುವಿ ನಕ್ಕು, ಅವಳು ಹೇಳಿದ ಬೆಲೆಯನ್ನೇ ಕೊಟ್ಟು ಬರುತ್ತಿದ್ದರು. ಆಮೇಲಾಮೇಲೆ ಅವರ ಹೆಂಡತಿ ಪುಟ್ಟತಾಯಮ್ಮನವರೇ ಚೀಲ ಹಿಡಿದು ಹೋಗತೊಡಗಿದರು. ಅವರ ಮುಖ ಯಾವ ಪರದೆಯ ಮೇಲೂ ಬಂದಿರಲಿಲ್ಲವಾದ್ದರಿಂದ ಬದನೆಕಾಯಿ ಬದನೆಕಾಯಿಯ ಬೆಲೆಗೇ ಸಿಗುತ್ತಿತ್ತು. ಚನ್ನಬಸಯ್ಯನವರು ಸ್ಟೇಷನ್ನಿಗೆ ಹೋಗುವಾಗಲೂ ದೊಡ್ಡ ರಸ್ತೆ ಬಿಟ್ಟು ಗೂಡ್ಸ್ ಷೆಡ್ಡಿನ ಹಿಂದಿನ ಕಾಲುದಾರಿ ಹಿಡಿಯುತ್ತಿದ್ದರು. ಸಾಹುಕಾರರು ಜಟಕಾ ಹತ್ತದೆ ನಡೆದು ಹೋದರು ಎಂದು ಯಾರೂ ಹೇಳಬಾರದು.

ಆ ವರ್ಷ ದಸರಾದ ಹೊತ್ತಿಗೆ ಬೀದಿಯ ಯುವಕರ ಸಂಘದವರು ಇಬ್ಬರು ಬಂದರು. ವಾರ್ಷಿಕೋತ್ಸವಕ್ಕೆ ಚನ್ನಬಸಯ್ಯನವರೇ ಮುಖ್ಯ ಅತಿಥಿಯಾಗಬೇಕಂತೆ.

"ಆ ಕರೀ ಕೋಟ್ ಹಾಕ್ಕೊಂಡೇ ಬರ್ಬೇಕು ಸಾರ್. ಒಂದೇ ಒಂದ್ ಡೈಲಾಗ್ ಹೇಳಿದ್ರೆ ಸಾಕು."

"ಗಂಟಲು ಸರಿಯಿಲ್ಲಪ್ಪಾ," ಎಂದರು ಚನ್ನಬಸಯ್ಯನವರು, ಪಾತ್ರೆ ಅದುರಿಸುವ ಅದೇ ಗಂಟಲಿನಿಂದ.

ಹುಡುಗರು ಗೇಟು ದಾಟಿದ ಮೇಲೆ ಒಬ್ಬ ಹೇಳಿದ್ದು ನನಗೆ ಕೇಳಿಸಿತು. "ನೋಡಿದ್ಯಾ ಗುರು, ನಾಲ್ಕ್ ಪಿಕ್ಚರ್ ಆಗ್ತಿದ್ದಂಗೆ ಎಷ್ಟು ಜಂಬ!" ಅದು ಅವರಿಗೂ ಕೇಳಿಸಿರಬೇಕು. ಒಳಗೆ ಹೋದರು. ನನಗೂ ಜಂಬ ಎಂದೇ ಅನ್ನಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಇದಾಗಿ ಒಂದು ವಾರಕ್ಕೆ ಮದ್ರಾಸಿನಿಂದ ತಂತಿ ಬಂತು. ನಿಂತುಹೋಗಿದ್ದ ಶೂಟಿಂಗ್ ಮತ್ತೆ ಶುರು, ಕೂಡಲೇ ಹೊರಟು ಬರತಕ್ಕದ್ದು. ಮರುದಿನ ಬೆಳಗ್ಗೆ ಚನ್ನಬಸಯ್ಯನವರು ರೈಲಿನ ಟಿಕೆಟ್ಟಿಗಾಗಿ ಸಿಟಿ ಸ್ಟೇಷನ್ನಿಗೆ ಹೋದರು. ಪುಟ್ಟತಾಯಮ್ಮನವರು ಟ್ರಂಕಿನಿಂದ ಕೋಟು ತೆಗೆದು ಅಂಗಳದ ಹಗ್ಗದ ಮೇಲೆ ಗಾಳಿಗೆ ಹಾಕಿ, ದಾರಿಯ ಬುತ್ತಿಗೆ ಅವಲಕ್ಕಿ ತರಲು ಅಂಗಡಿಗೆ ಹೋದರು. ಅಂಗಳದಲ್ಲಿ ಉಳಿದದ್ದು ನಾನು, ಕೋಟು ಮತ್ತು ನುಸಿಗುಳಿಗೆಯ ವಾಸನೆ.

ಕೋಟಿನ ಎಡಗಡೆಯ ಜೇಬು ಹರಿದು ನೇತಾಡುತ್ತಿತ್ತು. ಜೇಬಿನ ಜೊತೆ ಅಂಗೈಯಷ್ಟು ಬಟ್ಟೆಯೂ ಕಿತ್ತುಬಂದಿತ್ತು. ನನ್ನ ಕೈ ತುರಿಸತೊಡಗಿತು. ಪಾಪ, ಪುಟ್ಟತಾಯಮ್ಮನವರಿಗೆ ಕೇಳಲು ಸಂಕೋಚ ಎಂದುಕೊಂಡೆ. ಸಿಕ್ಕಿಕೊಂಡಿದ್ದ ಎಳೆಗಳನ್ನೆಲ್ಲ ಕತ್ತರಿಸಿದೆ. ಅಂಚನ್ನು ಸಮ ಮಾಡಿದೆ. ಒಳಗಡೆಯಿಂದ ಕಪ್ಪು ಬಟ್ಟೆಯ ತೇಪೆ ಕೊಟ್ಟು, ನಮ್ಮ ಟೀಚರು ಕಲಿಸಿದ್ದ ಅತ್ಯಂತ ಸಣ್ಣ ಹೊಲಿಗೆಯಲ್ಲಿ ಕೂಡಿಸಿ, ಇಸ್ತ್ರಿ ಮಾಡಿ ಹಗ್ಗಕ್ಕೆ ಮರಳಿ ಹಾಕಿದೆ. ಹನ್ನೊಂದೂಮುಕ್ಕಾಲಿಗೆ ಕೆಲಸ ಮುಗಿಯಿತು. ಅಷ್ಟು ಹೆಮ್ಮೆ ನನಗೆ ಪಾಸಾದ ದಿನವೂ ಆಗಿರಲಿಲ್ಲ.

ಚನ್ನಬಸಯ್ಯನವರು ಬಂದವರೇ ಕೋಟು ತೆಗೆದುಕೊಂಡರು. ಜೇಬಿನ ಮೇಲೆ ಬೆರಳಾಡಿಸಿದರು. ಒಳಮುಖ ತಿರುವಿ ನೋಡಿದರು.

"ಒಳ್ಳೆ ಕೈ," ಎಂದರು ಮೆಲ್ಲಗೆ. "ಎಲ್ಲಿ ಹರಿದಿತ್ತು ಅಂತ ನನಗೇ ಗೊತ್ತಾಗ್ತಿಲ್ಲ." ಹಾಗೆಯೇ ಜಗಲಿಯ ಮೇಲೆ ಕುಳಿತುಬಿಟ್ಟರು.

ಅಷ್ಟರಲ್ಲಿ ಪುಟ್ಟತಾಯಮ್ಮನವರು ಬಂದು ನೋಡಿ ಕೈಯಲ್ಲಿದ್ದ ಚೀಲ ಬಿಟ್ಟರು. "ಅಯ್ಯೋ! ಇದನ್ನ ಯಾರ್ರೀ ಹೊಲ್ದಿದ್ದು?"

"ನಾನೇ," ಎಂದೆ. ಹೇಳುವಾಗ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

ಆಗ ಚನ್ನಬಸಯ್ಯನವರು ನನ್ನನ್ನು ಕೂರಿಸಿಕೊಂಡು ಅದುವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳಿದರು. ರಾಜಮಹಾರಾಜರ ಕಥೆಯಾದರೆ ಉಡುಪು ಸ್ಟುಡಿಯೋದ್ದು. ಈ ಕಾಲದ ಕಥೆಯಾದರೆ ಅವರಂಥ ನಟರು ಉಡುಪನ್ನು ತಾವೇ ತರಬೇಕು. ಅವರ ಹತ್ತಿರ ಇದ್ದದ್ದು ಇದೊಂದೇ ಕೋಟು. ನಾಲ್ಕು ಊರಿನ ಸಾಹುಕಾರರೂ ತೊಟ್ಟದ್ದು ಇದನ್ನೇ. ಈಗ ತಂತಿ ಬಂದಿರುವ ಚಿತ್ರದಲ್ಲಿ ನಾಯಕ ಬಂದು ಜೇಬಿಗೆ ಕೈಹಾಕಿ ಎಳೆದು ಕೆಡವುತ್ತಾನೆ, ಕೋಟು ಹರಿಯುತ್ತದೆ. ಅಷ್ಟು ತೆಗೆದ ದಿನವೇ ದುಡ್ಡು ಹಾಕುವವರು ಕೈಬಿಟ್ಟು ಶೂಟಿಂಗ್ ನಿಂತಿತು. ಉಳಿದದ್ದು ಕೊನೆಯ ದೃಶ್ಯ. ಅದೇ ಹರಿದ ಕೋಟಿನಲ್ಲಿ ಸಾಹುಕಾರ ಊರವರ ಮುಂದೆ ಕೈಮುಗಿಯಬೇಕು.

"ಕಂಟಿನ್ಯುಯಿಟಿ ಅಂತಾರೆ ಅಮ್ಮಣ್ಣಿ. ಹಿಂದಿನ ದೃಶ್ಯದಲ್ಲಿ ಹೇಗಿತ್ತೋ ಮುಂದಿನದರಲ್ಲೂ ಹಾಗೇ ಇರ್ಬೇಕು. ಏಳು ತಿಂಗಳಾಯ್ತು, ಇದನ್ನ ಹೊಲಿಸೋ ಹಾಗಿಲ್ಲ, ತೊಡೋ ಹಾಗಿಲ್ಲ. ನಡುವೆ ಇನ್ನೊಂದು ಚಿತ್ರಕ್ಕೆ ಕರೆದ್ರು. ಕೋಟು ತನ್ನಿ ಅಂದ್ರು. ಎಲ್ಲಿಂದ ತರ್ಲಿ? ಬಿಟ್ಟೆ."

ಯುವಕರ ಸಂಘದವರಿಗೆ ಗಂಟಲು ಸರಿಯಿಲ್ಲ ಎಂದದ್ದು ಯಾಕೆ ಎಂದು ನನಗೆ ಆಗ ತಿಳಿಯಿತು.

"ಹರಿದಿಲ್ದಿದ್ರೆ ಏನ್ಮಾಡ್ತಾರೆ?" ಎಂದೆ.

"ಮೊದಲಿಂದ ತೆಗೆಯೋಷ್ಟು ಫಿಲ್ಮ್ ಅವರ ಹತ್ರ ಇಲ್ಲ. ಸಾಹುಕಾರ ಊರು ಬಿಟ್ಟು ಹೋದ ಅಂತ ಯಾರ ಬಾಯಲ್ಲಾದ್ರೂ ಒಂದು ಮಾತು ಹೇಳಿಸಿ ಮುಗಿಸ್ತಾರೆ. ಬರಬೇಕಾದ ಸಂಬಳಾನೂ ಅವನ ಜೊತೆ ಊರು ಬಿಡುತ್ತೆ."

ನಾನು ಕತ್ತರಿ ತಂದು ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಬಿಚ್ಚಿದರೆ ಏನು ಬಂತು? ದರ್ಜಿ ಕತ್ತರಿಸಿದಂಥ ನೇರವಾದ ಅಂಚು. ಅವರು ಒಳಗಿನಿಂದ ಶೂಟಿಂಗಿನ ಫೋಟೋ ಒಂದನ್ನು ತಂದರು. ಅದರಲ್ಲಿ ಬಟ್ಟೆ ಮೇಕೆಯ ಕಿವಿಯ ಹಾಗೆ ಜೋತುಬಿದ್ದಿತ್ತು, ಅಂಚೆಲ್ಲ ಎಳೆ ಎಳೆ. ಅಂಥದೇ ಫೋಟೋ ಮದ್ರಾಸಿನಲ್ಲಿ ಸಹಾಯಕ ನಿರ್ದೇಶಕರ ಕೈಯಲ್ಲೂ ಇರುತ್ತದೆ.

ಚನ್ನಬಸಯ್ಯನವರು ಜೇಬನ್ನು ನಾಲ್ಕೇ ಹೊಲಿಗೆಯಲ್ಲಿ ತಗುಲಿಸಿಕೊಡಲು ಹೇಳಿ, ಕೋಟು ತೊಟ್ಟು ಅಂಗಳದ ನಡುವೆ ನಿಂತರು. "ಕೈಯಲ್ಲಿ ಹರಿದ್ರೆ ಹಾಗೆ ಬರಲ್ಲ. ಎಳೆದಾಗ ಬಿದ್ದೇ ಹರೀಬೇಕು. ಒಂದೇ ಸಲ. ಎರಡನೇ ಸಲಕ್ಕೆ ಬಟ್ಟೆ ಇಲ್ಲ. ಬಾರೇ ಪುಟ್ಟತಾಯಿ, ಎಳಿ."

"ನಾನು ನಿಮ್ಮ ಮೇಲೆ ಕೈ ಮಾಡಲ್ಲಪ್ಪ."

"ಮೂವತ್ತು ವರ್ಷದಿಂದ ಬಾಯಿ ಮಾಡಿದ್ದೀಯಲ್ಲ, ಇವತ್ತೊಂದು ದಿನ ಕೈ ಮಾಡು."

ಆಕೆ ಒಪ್ಪಲಿಲ್ಲ. ನನ್ನ ಸರದಿ ಬಂತು. ನಾನು ಜೇಬಿನ ಅಂಚನ್ನು ಎರಡು ಬೆರಳಲ್ಲಿ, ಅಳತೆ ತೆಗೆಯುವವಳ ಹಾಗೆ ಹಿಡಿದುಕೊಂಡೆ.

"ಹಾಗಲ್ಲ. ಕೋಪ ಬರ್ಬೇಕು. ನಾನು ನಿನ್ನ ತಮ್ಮನ ಗದ್ದೆ ಕಿತ್ಕೊಂಡಿದ್ದೀನಿ."

"ನನಗೆ ತಮ್ಮ ಇಲ್ವಲ್ಲ."

"ಇದ್ದಾನೆ ಅನ್ಕೊ!"

ಅನ್ಕೊಂಡೆ. ಕೋಪ ಬರಲಿಲ್ಲ. ಒಂದು ಹೊಲಿಗೆಯನ್ನು ತಪ್ಪಾಗಿ ಹಾಕಲೂ ಬಾರದ ಕೈ, ಬೇಕೆಂದೇ ಹರಿಯುವುದು ಹೇಗೆ? ಕಾಂಪೌಂಡಿನ ಆಚೆ ಆಗಲೇ ತಲೆಗಳು ಏಳತೊಡಗಿದ್ದವು. ಸಂಘದ ಆ ಇಬ್ಬರೂ ಅದರಲ್ಲಿದ್ದರು.

ಚನ್ನಬಸಯ್ಯನವರು ಒಮ್ಮೆ ಆ ಕಡೆ ನೋಡಿದರು. ಮರುಕ್ಷಣ ಅವರ ಮುಖವೇ ಬೇರೆಯಾಯಿತು. ಕಣ್ಣು ಕಿರಿದಾಯಿತು, ಮೀಸೆಯ ತುದಿ ಮೇಲೇರಿತು.

"ಇದೇನು ಹೊಲಿಗೆಯೇನೇ?" ಎಂದು ಸಾಹುಕಾರ ಗುಡುಗಿದ. "ನೋಡಿದೀನಿ ನಿನ್ನ ಸರ್ಟಿಫಿಕೇಟು! ಗೋಣಿಚೀಲ ಹೊಲಿಯೋ ಕೈ ನಿಂದು! ಸೂಜಿ ಹಿಡಿಯೋ ಯೋಗ್ಯತೆ ಇಲ್ದೋಳು!"

ಆಮೇಲೆ ನಾನು ಏನು ಮಾಡಿದೆ ಎಂದು ಸರಿಯಾಗಿ ನೆನಪಿಲ್ಲ. ಪರ್ರ್ ಎಂಬ ಸದ್ದು ಕೇಳಿತು. ಎತ್ತರದ ಆಳು ಅಂಗಳದ ಮಣ್ಣಿನಲ್ಲಿ ಬಿದ್ದಿತ್ತು. ನನ್ನ ಉಗುರಿನಲ್ಲಿ ಕಪ್ಪು ಎಳೆಗಳಿದ್ದವು. ಗೇಟಿನಲ್ಲಿ ಅಪ್ಪ ನಿಂತಿದ್ದರು, ಹನ್ನೆರಡೂವರೆಗೆ ಸರಿಯಾಗಿ, ಮಗಳು ಬಾಡಿಗೆದಾರರನ್ನು ನೆಲಕ್ಕೆ ಕೆಡವಿದ್ದನ್ನು ನೋಡುತ್ತಾ.

ಬಿದ್ದವರು ಮೊದಲು ನೋಡಿದ್ದು ಜೇಬನ್ನು. ಮೇಕೆಯ ಕಿವಿ ಜೋತುಬಿದ್ದಿತ್ತು. ಕಾಂಪೌಂಡಿನ ಆಚೆ ಚಪ್ಪಾಳೆ. "ರಿಹರ್ಸಲ್ ಕಣೋ! ಗಂಟ್ಲು ಸರಿಹೋಯ್ತಾ ಸಾರ್?" ಎಂದು ಕೂಗಿದರು. ಚನ್ನಬಸಯ್ಯನವರು ಮಣ್ಣು ಕೊಡವಿ ಎದ್ದು, ಹರಿದ ಜೇಬಿನ ಮೇಲೆ ಕೈಯಿಟ್ಟು, ಅವರಿಗೆ ಸಾಹುಕಾರನ ಗತ್ತಿನಲ್ಲೇ ನಮಸ್ಕಾರ ಮಾಡಿದರು. ಮನೆಯಲ್ಲಿ ಎರಡನೇ ಕೋಟಿಲ್ಲ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ನನ್ನ ಹತ್ತಿರ ಬಂದರು. ನಾನು ಅಳುತ್ತಿದ್ದೆ. "ಹೊಲಿಗೆ ಚೆನ್ನಾಗಿತ್ತು ಅಮ್ಮಣ್ಣಿ. ಅದಕ್ಕೇ ಅಷ್ಟು ಕೆಟ್ಟದಾಗಿ ಬೈಬೇಕಾಯ್ತು."

ಅಪ್ಪ ಏನೂ ಕೇಳದೆ ಕೈಕಾಲು ತೊಳೆದು ಊಟಕ್ಕೆ ಕುಳಿತರು. ಎರಡನೇ ಸಲ ಸಾರು ಬಡಿಸುವಾಗ ಮಾತ್ರ, "ಮುಂದಿನ ತಿಂಗಳು ಬಾಡಿಗೆ ಕೇಳೋಕೆ ನಿನ್ನನ್ನೇ ಕಳಿಸ್ತೀನಿ," ಎಂದರು. ಅಪ್ಪ ತಮಾಷೆ ಮಾಡಿದ್ದು ನನಗೆ ನೆನಪಿರುವುದು ಅದೊಂದೇ ಸಲ.

ಹತ್ತನೆಯ ದಿನ ಚನ್ನಬಸಯ್ಯನವರು ಮದ್ರಾಸಿನಿಂದ ಮರಳಿದರು. ನೇರವಾಗಿ ನಮ್ಮ ಬಾಗಿಲಿಗೆ ಬಂದು ಕೋಟನ್ನು ನನ್ನ ಮಡಿಲಿಗೆ ಹಾಕಿದರು. "ಚಿತ್ರ ಮುಗೀತು. ಈಗ ಹೊಲಿ." ಸಹಾಯಕ ನಿರ್ದೇಶಕರು ಫೋಟೋ ಹಿಡಿದು ಕೋಟು ನೋಡಿ ತಲೆಯಾಡಿಸಿದರಂತೆ, ಕೊನೆಯ ದೃಶ್ಯ ಎರಡು ದಿನದಲ್ಲಿ ಮುಗಿಯಿತಂತೆ. ಸಂಬಳ ಬಂತೇ ಎಂದು ಕೇಳಿದೆ. ಅರ್ಧ ಕೈಗೆ ಬಂದಿದೆ, ಉಳಿದದ್ದು ಬಿಡುಗಡೆಯಾದ ಮೇಲೆ ಎಂದಿದ್ದಾರೆ ಎಂದರು. ಚಿತ್ರ ಬಿಡುಗಡೆಯಾಯಿತು. ನಮ್ಮ ಟೆಂಟಿನಲ್ಲಿ ಜೇಬು ಹರಿದಾಗ ಜನ ಶಿಳ್ಳೆ ಹೊಡೆದರು. ಸಾಹುಕಾರ ಕೈಮುಗಿದಾಗ ಎಲ್ಲರೂ ಅವನ ಮುಖ ನೋಡಿದರು, ನಾನು ಜೇಬು ನೋಡಿದೆ. ಸರಿಯಾಗಿತ್ತು. ಉಳಿದ ಅರ್ಧ ಸಂಬಳ ಬರಲೇ ಇಲ್ಲ.

ಮರುವರ್ಷ ಅವರು ಮನೆ ಖಾಲಿ ಮಾಡಿ ಮತ್ತೆ ನಾಟಕದ ಕಂಪನಿ ಸೇರಿದರು. "ಅಲ್ಲಿ ಕಿರೀಟದಿಂದ ಚಪ್ಪಲಿವರೆಗೂ ಎಲ್ಲಾ ಕಂಪನೀದೇ ಅಮ್ಮಣ್ಣಿ," ಎಂದು ನಗುತ್ತಾ ಹೇಳಿದರು. ಹೊರಡುವ ದಿನ ಬಿಸಿಲಿತ್ತು, ಆದರೂ ಕೋಟು ತೊಟ್ಟಿದ್ದರು. ಅಂದು ದೊಡ್ಡ ರಸ್ತೆಯಲ್ಲೇ ನಡೆದುಹೋದರು.

ಇಂದು ಉಣ್ಣೆ ಬಟ್ಟೆಗಳನ್ನು ನಾಲ್ಕು ಗಂಟೆಗೆ ಮಡಚಿ ಟ್ರಂಕಿಗೆ ಸೇರಿಸಿದೆವು. ಐದೂವರೆಗೆ ಮಹಡಿಯ ಮೇಲಿನ ಮನೆಯ ಹುಡುಗಿ ಇಳಿದು ಬಂದಳು. ಟಿವಿ ಧಾರಾವಾಹಿಯಲ್ಲಿ ಶ್ರೀಮಂತರ ಮನೆಯ ಸೊಸೆಯ ಪಾತ್ರ ಮಾಡುತ್ತಾಳೆ. ಬೆಳಗಿನ ಜಾವ ದೊಡ್ಡ ಸೂಟ್‌ಕೇಸನ್ನು ತಾನೇ ಎತ್ತಿಕೊಂಡು ಆಟೋ ಹತ್ತುವುದನ್ನು ನೋಡಿದ್ದೇನೆ. ಅಷ್ಟೊಂದು ಬಟ್ಟೆ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಶೋಕಿ ಎಂದುಕೊಂಡಿದ್ದೆ.

"ಆಂಟಿ, ಈ ಬ್ಲೌಸಿಗೆ ಒಂದು ಹುಕ್ ಹಾಕಿಕೊಡ್ತೀರಾ?"

ಕನ್ನಡಕ ಹಾಕಿಕೊಂಡೆ. ಸೂಜಿಗೆ ಸುಮಾ ದಾರ ಪೋಣಿಸಿಕೊಟ್ಟಳು. ತೋಳಿನ ಅಂಚಿನಲ್ಲಿ ಜರಿಯ ಎಳೆಯೊಂದು ಬಿಟ್ಟುಕೊಂಡು ನೇತಾಡುತ್ತಿತ್ತು.

"ಶೂಟಿಂಗ್ ಮಧ್ಯದಲ್ಲಿರೋದೇನಮ್ಮ ಇದು?"

ಹುಡುಗಿ ನನ್ನ ಮುಖ ನೋಡಿದಳು. "ಹೂಂ ಆಂಟಿ. ನಾಳೆನೂ ಇದೇ ಸೀನ್. ನಿಮಗೆ ಹೇಗೆ ಗೊತ್ತಾಯ್ತು?"

"ಸೀರೆ, ಬ್ಲೌಸು ಎಲ್ಲಾ ನಿಂದೇನಾ?"

"ಎಲ್ಲಾ ನಂದೇ," ಎಂದಳು, ಬ್ಲೌಸಿನ ಕಡೆ ನೋಡುತ್ತಾ.

ಕೂರಲು ಹೇಳಿದೆ, ಸುಮಾ ಕಾಫಿ ತಂದಳು. ಆರು ಗಂಟೆ ಐದು ನಿಮಿಷಕ್ಕೆ ಹುಕ್ಕು ಹಾಕಿ ಮುಗಿಸಿ ಬ್ಲೌಸನ್ನು ಅವಳ ಕೈಗೆ ಕೊಟ್ಟೆ. ಜರಿಯ ಎಳೆಯನ್ನು ಮುಟ್ಟಲಿಲ್ಲ.