ಭಾವ ಮೊದಲು ಕುಂತ ತೆಪ್ಪ

ನಮ್ಮ ಭಾವನ್ನ ನೀರಾಗ ಮುಳುಗಸಬೇಕಂತ ನಾ ಖರೇನೇ ಅಂದುಕೊಂಡಿದ್ದೆ. ಸಾಯಬೇಕಂತಲ್ಲ. ಎದಿ ಮಟ ನೀರು ಬರಬೇಕು, ಬಾಯಾಗ ಎರಡು ಗುಟುಕು ಹೋಗಬೇಕು, ನಾಲ್ಕು ಮಂದಿ ನೋಡಬೇಕು. ಅಷ್ಟಾದ್ರ ಸಾಕಿತ್ತು ನನಗ. ಕೇಳಿದವರು ಏನರ ಅನ್ಲಿ, ಸುಳ್ಳು ಹೇಳೋ ವಯಸ್ಸು ದಾಟೇದ ನನ್ನದು.

ಭಾವ ಅಂದ್ರ ನನ್ನ ಗಂಡನ ಅಣ್ಣ. ಮಂದಿ ಮುಂದ ಸೆರಗು ಹೊತ್ತು ‘ಭಾವನವರು’ ಅಂತೇನಿ, ಬರೀವಾಗ ‘ಅಂವ’ ಅಂತ ಬರೀತೇನಿ. ಇದೊಂದರ ಸುಖ ಇರ್ಲಿ. ಭಾಲ್ಕ್ಯಾಗ ಅವನ ಮನಿ, ನಮ್ಮ ಮನಿ ನಡುವ ಒಂದ ಗ್ವಾಡಿ. ಡ್ಯಾಮಿನ ಹಿನ್ನೀರಿನ್ಯಾಗ ಅಂವ ಒಂದು ಮೋಟಾರ್ ಬೋಟ್ ಬಿಟ್ಟಾನ. ಮ್ಯಾಲ ಛತ್ತು, ಎರಡೂ ಕಡಿ ಬಾಕು. ಐತವಾರ ಬೀದರದಿಂದ ಮಂದಿ ಬುತ್ತಿ ಕಟಗೊಂಡು ಬರ್ತಾರ, ನೀರಿನ ಮ್ಯಾಲ ಅಡ್ಡಾಡಿ, ಉಂಡು, ಫೋಟೋ ಹೊಡಕೊಂಡು ಹೋಗ್ತಾರ. ಬೋಟ್ ಭಾವಂದು, ಅದನ್ನ ನಡಸವರು ನಮ್ಮ ಮನಿಯವರು.

ನಮ್ಮ ಮನಿಯವರಿಗಿ ಸಣ್ಣವರಿದ್ದಾಗ ಪೋಲಿಯೋ ಆಗಿ ಎಡಗಾಲು ಸೆಳಕೊಂಡದ. ಆದ್ರ ಎಂಜಿನ್ ಒಮ್ಮಿ ಕೆಮ್ಮಿದ್ರ ಸಾಕು, ರೋಗ ಎಲ್ಲದ ಅಂತ ಕಣ್ಣು ಮುಚ್ಚಿ ಹೇಳ್ತಾರ. ಅಂಥಾ ಕೈ ಅವರದು. ಈಸು ಮಾತ್ರ ಬರೂದಿಲ್ಲ. ಭಾವ ಊರ ತುಂಬ ಹೇಳಕೋತ ತಿರಗ್ತಿದ್ದ: “ಕುಂಟಗ ಯಾರ ಕೆಲಸಾ ಕೊಡ್ತಾರ್ರಿ? ತಮ್ಮ ಅಂತ ನಾ ಕೊಟ್ಟೇನಿ.” ಒಂದು ದಿನಾನೂ ಅವರ ಹೆಸರು ಹಿಡದು ಕರದಂವಲ್ಲ. ಅವರು ನಕ್ಕು ಸುಮ್ಮಾಗ್ತಿದ್ರು. ನಾ ಒಳಗ ರೊಟ್ಟಿ ಬಡಿಯೋವಾಗ ಹಿಟ್ಟಿನ ಮ್ಯಾಲ ಸಿಟ್ಟು ತೀರಸ್ತಿದ್ದೆ.

ಹೋದ ವರ್ಷ ಬೋಟ್ ತಪಾಸ ಮಾಡಲಿಕ್ಕಿ ಒಬ್ಬ ಸರಕಾರಿ ಸಾಹೇಬ ಬಂದ. ಜೀವ ಉಳಸೋ ತೆಪ್ಪ, ಅದ ಲೈಫ್ ರಾಫ್ಟ್, ಇಲ್ದಿದ್ರ ಬೋಟ್ ಬಿಡೋ ಹಂಗಿಲ್ಲ ಅಂದ. ಭಾವನ ಮಾರಿ ಹುಳ್ಳಗಾತು. ನನಗ ಮಾತ್ರ ಸಾಹೇಬನ ಕಾಲಿಗಿ ಬೀಳಬೇಕನ್ನಿಸಿತು. ಯಾಕಂದ್ರ ದಿನಾ ಮುಂಜಾನಿ ನಮ್ಮವರು ಬೋಟಿಗಿ ಹೋದ್ರ, ತಿರುಗಿ ಬರೋ ಮಟ ನನ್ನ ಜೀವ ನೀರಿನ ಮ್ಯಾಲ ಇರ್ತಿತ್ತು. ಬೋಟ್ ಒಡೀತಂದ್ರ ಈಸು ಬರೋವರು ಉಳೀತಾರ. ಅವರು?

ನೀರು ನನಗ ಹೊಸಾದಲ್ಲ. ನನ್ನ ತವರು ಔರಾದ ತಾಲೂಕಿನ್ಯಾಗ, ಮಾಂಜ್ರಾ ಹೊಳಿ ದಂಡಿಗಿ. ನಮ್ಮಪ್ಪ ಹೊಳಿ ತುಂಬಿದಾಗ ಮಂದೀನ ದಾಟಸ್ತಿದ್ದ. ನಮಗೆಲ್ಲ ಬೆನ್ನಿಗಿ ಒಣ ಸೋರಿಕಾಯಿ ಬುರುಡಿ ಕಟ್ಟಿ ಬಾವ್ಯಾಗ ದೂಡಿ ಈಸು ಕಲಿಸ್ದ. ಹೆಣ್ಣು, ಗಂಡು ಅನ್ನಲಿಲ್ಲ. ಅಂವ ಒಂದು ಮಾತು ಹೇಳ್ತಿದ್ದ: “ತೇಲ್ತದೇನು ಅಂತ ನೋಡಬ್ಯಾಡ ಮಗಳ, ಕಟಗಿನೂ ತೇಲ್ತದ. ನೀರಾಗ ಬಿದ್ದಂವಗ ಅದರ ಮ್ಯಾಲ ಹತ್ತಲಿಕ್ಕಿ ಬರ್ತದೇನು, ಅದನ್ನ ನೋಡು.”

“ತೆಪ್ಪ ನಾ ನೋಡಿ ಬರ್ತೇನಿ,” ಅಂತ ನಮ್ಮವರ ಕಡಿಂದ ಭಾವಗ ಹೇಳಿಸಿ, ಬಸ್ ಹತ್ತಿ ಬೀದರಕ್ಕ ಹೋದೆ. ಹಳೇ ಊರಾಗ ಹಗ್ಗ, ತಾಡಪತ್ರಿ, ರಬ್ಬರ್ ಮಾರೋ ಒಂದು ದುಕಾನ ಅದ. ಮಾಲಕ ಬಿಳಿ ಗಡ್ಡದ ಮುದುಕ, ನಾವೆಲ್ಲ ಚಾಚಾ ಅಂತೇವಿ. ಹೈದರಾಬಾದಿನಿಂದ ತರಿಸಿದ ತೆಪ್ಪ ಹಿಂದ ಗೋದಾಮಿನ್ಯಾಗ ಇದ್ವು. ಚಾಚಾ ಮೊದಲು ಒಂದು ಗಟ್ಟಿ ಕೇಸರಿ ಚೌಕಟ್ಟು ತೋರಿಸ್ದ, ಸುತ್ತ ಹಗ್ಗ. ಒಳಗ ಕುಂದರೂದಿಲ್ಲ, ಹೊರಗ ಹಗ್ಗ ಹಿಡದು ಜೋತು ಬೀಳೋದು. ತೂತು ಬೀಳೂದಿಲ್ಲ, ಕೆಡೂದಿಲ್ಲ. ಆದ್ರ ಕೈ ಸೋತ್ರ ಮುಗೀತು. ಬ್ಯಾಡ ಅಂದೆ. ಬಿಳಿ ಡಬ್ಬಿಯೊಳಗ ಮಡಚಿಟ್ಟ ಇನ್ನೊಂದಿತ್ತು, ದಾರ ಎಳದ್ರ ಗ್ಯಾಸ್ ತುಂಬಿ ತಾನ ಬಿಚ್ಚಿಕೋತದ, ಮ್ಯಾಲ ಗುಡಾರ ಬ್ಯಾರೆ. “ಇದು ಸಮುಂದರ್‌ದ್ದು ಬೇಟಿ. ವರ್ಷಾ ವರ್ಷಾ ಶಹರಕ್ಕ ಒಯ್ದು ತಪಾಸ ಮಾಡಿಸಬೇಕು,” ಅಂದ ಚಾಚಾ. ನಮ್ಮ ಭಾವ ತನ್ನ ಹಲ್ಲು ನೋವಿಗೇ ದವಾಖಾನಿಗಿ ಹೋಗೂದಿಲ್ಲ, ತೆಪ್ಪ ಒಯ್ತಾನಾ? ಅದೂ ಬ್ಯಾಡಾತು.

ಕಡೀಗಿ ಒಂದು ಸಿಕ್ಕಿತು. ಅದೂ ಗಾಳಿ ತುಂಬೋದೇ, ಆದ್ರ ಎರಡು ಕೊಳವಿ ಒಂದರ ಮ್ಯಾಲೊಂದು. ಕೆಳಗಿಂದು ಹೋದ್ರ ಮ್ಯಾಲಿಂದು ಹಿಡೀತದ. ಹತ್ತೋ ಜಾಗಾದಾಗ ಅಗಲ ರಬ್ಬರ್ ಮೆಟ್ಟಲಾ, ಒಳಗ ಹಿಡಕೊಳ್ಳಲಿಕ್ಕಿ ಪಟ್ಟಿ. ನಾ ಚಾಚಾನ ಕಡಿಂದ ಒಂದು ಹಗ್ಗ ಇಸಕೊಂಡು ನನ್ನ ಎಡಗಾಲು ಮೊಳಕಾಲಿಗಿ ಮಡಚಿ ಬಿಗದು ಕಟ್ಟಿಕೊಂಡೆ, ನೆಲದ ಮ್ಯಾಲ ಬೋರಲ ಬಿದ್ದು ಹತ್ತಿ ನೋಡಿದೆ. ದುಕಾನದಾಗಿನ ಗಿರಾಕಿಗಳು ನಕ್ಕರು. ನಗ್ಲಿ. ಮೊದಲನೇ ಸಲ ಜಾರಿದೆ, ಎರಡನೇ ಸಲಕ್ಕ ಒಂದ ಕಾಲಿಲೆ ಹತ್ತಿದೆ. ಚಾಚಾ ನಗಲಿಲ್ಲ. ತಯಾರಾದ ತಾರೀಖು ಎಲ್ಲಿ ಹೊಡದಿರ್ತದ ಅಂತ ತೋರಿಸಿ, “ಪಾನಿ ಕಿಸೀಕಾ ಸಗಾ ನೈ ಬೇಟಿ,” ಅಂದ. ನೀರು ಯಾರಿಗೂ ಸಂಬಂಧಿಕ ಅಲ್ಲ, ಖರೇ ಮಾತು.

ನಾ ಬಂದು ಹೇಳಿದ್ರ ಭಾವ ಗೊಳ್ಳಂತ ನಕ್ಕ. ಎರಡು ವಾರಕ್ಕ ತಾನ ಒಂದು ತೆಪ್ಪ ತಂದ, ಎಲ್ಲಿಂದೋ ಗುಜರಿ ಮಾಲು. ಟಂಟಂ ಗಾಡ್ಯಾಗ ಹೇರಿಕೊಂಡು, ಮದಲಿಂಗನ ಮೆರವಣಿಗಿ ಬಂದಂಗ ಓಣಿ ತುಂಬ ಹಾರ್ನ್ ಹೊಡಸಕೋತ ಬಂದ. ಕೇಸರಿ ಪೇಂಟಿನ ವಾಸನಿ ಇನ್ನಾ ಮೂಗಿಗಿ ಬಡೀತಿತ್ತು. ಒಂದ ಕೊಳವಿ, ಮೆಟ್ಟಲಾ ಇಲ್ಲ. ತಾರೀಖು ಇರೋ ಜಾಗಾದ ಮ್ಯಾಲ ಪೇಂಟ್ ದಪ್ಪ ಬಡದಿದ್ರು. ಗಾಳಿ ತುಂಬಿ ಅಂಗಳದಾಗ ಹೊರಸಿನ ಮ್ಯಾಲ ಇಟ್ಟ. ಮರುದಿನ ಮುಂಜಾನಿ ಮುಟ್ಟಿ ನೋಡಿದೆ, ಮೆತ್ತಗಾಗಿತ್ತು. ಅರಬಿ ಒಗ್ಯೋ ಸಬಕಾರ ನೀರು ರಬ್ಬರ್ ಜೋಡಿಸಿದ ಬೆಸಿಗಿಗುಂಟ ಸವರಿದೆ. ಒಂದು ಗೇಣು ಉದ್ದಕ್ಕ ಬುಳುಬುಳು ಗುಳ್ಳಿ ಎದ್ವು.

ಆವತ್ತು ಭಾವನ ಮನ್ಯಾಗ ಬೀಗರು ಉಣ್ಣಲಿಕ್ಕಿ ಕುಂತಿದ್ರು. ನಾ ಬಾಗಲದಾಗ ನಿಂತು ಹೇಳಿದೆ, “ಭಾವನವರ, ತೆಪ್ಪದ ಬೆಸಿಗಿ ಬಿಟ್ಟದರಿ. ನೀರಿಗಿ ಇಳಸಬ್ಯಾಡ್ರಿ.”

ಅಂವ ತುತ್ತು ಕೈಯಾಗ ಹಿಡಕೊಂಡ ಬೀಗರ ಕಡಿ ತಿರುಗಿದ. “ನೋಡ್ರಿ, ಇವರಪ್ಪ ಸೋರಿಕಾಯಿ ಕಟ್ಟಿ ಮಂದಿ ಮುಂದ ಕೈ ಚಾಚಿದಂವ. ಮಗಳು ನನಗ ತೆಪ್ಪ ಕಲಸಲಿಕ್ಕಿ ಬಂದಾಳ.” ಬೀಗರು ನಕ್ಕರು. “ಮುಳುಗಿದ್ರ ಕುಂಟ ಮುಳುಗತಾನ ಬಿಡವ್ವಾ, ನಿನಗ್ಯಾಕ ಇಷ್ಟು ಅವಸರ?” ಅಂತ ತಾನೂ ನಕ್ಕ.

ಚ್ಯಾಷ್ಟಿ ಅಂತ ಅವನ ಹೇಣ್ತಿ ಆಮ್ಯಾಲ ಬಂದು ಹೇಳಿದಳು. ಚ್ಯಾಷ್ಟಿ! ನನ್ನ ತಾಳಿ ಅವನ ಚ್ಯಾಷ್ಟಿ! ಆ ದಿನಾ ನಾ ಉಣ್ಣಲಿಲ್ಲ. ಹೊಟ್ಟಿ ತುಂಬ ಬೆಂಕಿ ಇತ್ತು, ಅನ್ನಕ್ಕ ಜಾಗಾ ಇರಲಿಲ್ಲ. ಈ ಗಂಡಸನ್ನ ಅವನ ತೆಪ್ಪದಾಗ, ಅವನ ಬೀಗರ ಮುಂದ, ಅವನ ಕೈಲೇ ಮುಳುಗಸ್ತೇನಿ ಅಂತ ಆಣಿ ಮಾಡಿದೆ, ಬೆಸಿಗಿ ಮಾತು ನಮ್ಮವರಿಗೂ ಹೇಳಲಿಲ್ಲ.

ದಾರಿ ಹುಡುಕೋ ಜರೂರ ಬೀಳಲಿಲ್ಲ. ಆ ಮನಿ ರೂಢಿನೇ ನನಗ ದಾರಿ ಹಾಕಿ ಕೊಟ್ಟಿತು. ಅಲ್ಲಿ ಏನರ ಹೊಸಾದು ಬಂದ್ರ ಪೂಜಿ ಮಾಡಿ ಮೊದಲು ಹಿರೇ ಮಗ ಕುಂದರಬೇಕು. ಟ್ರ್ಯಾಕ್ಟರ್ ಬಂದ್ರೂ ಅಂವ, ಮೋಟಾರ್ ಸೈಕಲ್ ಬಂದ್ರೂ ಅಂವ. ಹೆಚ್ಚಿಗಿ ಯಾಕ, ನನ್ನ ಮದುವಿಗಿ ತವರಿನಿಂದ ಬಂದ ಮಂಚದ ಮ್ಯಾಲೂ ಮೊದಲು ಭಾವ ಕುಂತಾನ, ಕಾಲಿನ ಮ್ಯಾಲ ಕಾಲು ಹಾಕಿ, ಕೊಳ್ಳಾಗ ಮಾಲಿ ಹಾಕಿಸಿಕೊಂಡು. ಇಪ್ಪತ್ತು ವರ್ಷ ನನ್ನ ಹೊಟ್ಟಿ ಉರಸಿದ ರೂಢಿ ಅದು.

ಪೂಜಿ ದಿನಾ ಹಿನ್ನೀರಿನ ದಂಡಿಗಿ ಬೀಗರು, ಓಣಿಯವರು, ಭಾತಂಬ್ರಾದಿಂದ ಬಂದ ನಂಟರು, ಎಲ್ಲಾರೂ ಸೇರಿದ್ರು. ಭಾವ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟಿದ್ದ, ತೆಪ್ಪಕ್ಕ ಆಗಷ್ಟೇ ಮತ್ತ ಗಾಳಿ ತುಂಬಿಸಿದ್ದ. ಕಾಯಿ ಒಡದು, ಕುಂಕುಮ ಹಚ್ಚಿ, ತೆಪ್ಪಾನ ಸೀದಾ ಬೋಟಿನ ಛತ್ತಿನ ಮ್ಯಾಲ ಕಟ್ಟಿಸೋ ವಿಚಾರ ಅವಂದು. ನಾ ಹೆಣ್ಮಕ್ಕಳ ನಡುವಿಂದ ದನಿ ಏರಿಸಿ ಅಂದೆ, “ಭಾವನವರ, ಹಿರೇರು ಕುಂದರದ ಹ್ಯಾಂಗ್ರಿ? ತೆಪ್ಪ ಅಂದ ಮ್ಯಾಲ ನೀರಾಗ ಇಳಸೇ ಕುಂದರಬೇಕಲ್ರಿ.”

“ಹೌದ್ರಿ, ಖರೇ ಅದ!” ಅಂದ್ರು ಬೀಗರು. ಭಾವ ಒಮ್ಮಿ ನೀರಿನ ಕಡಿ, ಒಮ್ಮಿ ಬೀಗರ ಕಡಿ ನೋಡಿದ. ಅವಗೂ ಈಸು ಬರೂದಿಲ್ಲ. ಒಲ್ಲೆ ಅಂದ್ರ ಹಿರೇತನ ಹೋತು, ಹೂಂ ಅಂದ್ರ ನೀರು. ತೆಪ್ಪ ಇಳಿಸಿದ್ರು. ಒಡದ ಬೆಸಿಗಿ ಅಂವ ಕುಂದರೋ ಕಡಿನೇ ಬರೋಹಂಗ ನಾ ಮೊದಲ ಹೂವಿನ ಮಾಲಿ ಆ ತುದಿಗಿ ಕಟ್ಟಿಟ್ಟಿದ್ದೆ. ಮಾಲಿ ಎಲ್ಲೋ ಅಲ್ಲಿ ಅಂವ ಕುಂದರತಾನಂತ ನನಗ ಗೊತ್ತಿತ್ತು. ಕುಂತ.

ತೆಪ್ಪ ಅವನ ಭಾರ ಹಿಡೀತು. ನಾ ಹಲ್ಲು ಕಚ್ಚಿ ನೋಡ್ತಾ ನಿಂತೆ. ಗಾಳಿ ಮೆಲ್ಲಕ ಹೋಗ್ತದ, ತಡಿ, ಇನ್ನಷ್ಟು ತಡಿ ಅಂತ ಮನಸ್ಸಿನ್ಯಾಗ. ಫೋಟೋ ಹೊಡದ್ರು, ಚಪ್ಪಾಳಿ ಬಿತ್ತು. ಮುಳುಗಲಿಲ್ಲಂತ ಧೈರ್ಯ ಬಂದು ಭಾವ ಕೈ ಎತ್ತಿ ಕರದ: “ಬಾರೋ ತಮ್ಮಾ, ಈಗ ನಿನ್ನ ಪಾಳಿ!”

ಅಯ್ಯ ಶಿವನ! ಹಿರೇಂವ ಕುಂತ ಮ್ಯಾಲ ಅವನ ಬೆನ್ನಿಗಿ ಬಿದ್ದ ತಮ್ಮ ಕುಂದರಬೇಕು. ರೂಢಿ ಅಲ್ಲಿಗೇ ನಿಂದರೂದಿಲ್ಲ. ಇಪ್ಪತ್ತು ವರ್ಷ ನೋಡಿದ್ದ ರೂಢಿ, ಸಿಟ್ಟಿನ್ಯಾಗ ಅದರ ಅರ್ಧನೇ ನನ್ನ ನೆನಪಿನ್ಯಾಗ ಉಳದಿತ್ತು. ನಮ್ಮವರು ನಕ್ಕೋತ, ಎಡಗಾಲು ಎಳಕೋತ, ದಂಡಿ ಕಡಿ ಹೊಂಟಿದ್ರು. “ಬ್ಯಾಡ್ರಿ, ಅದು ಒಡದದ” ಅಂತ ಒಂದ ಮಾತು ಒದರಬೇಕಿತ್ತು. ಒದರಿದ್ರ ಭಾವ ಎದ್ದು ಹೊರಗ ಬರ್ತಿದ್ದ, ಧೋತರ ಒಣಾದು, ಮಾರಿ ಮ್ಯಾಲ ನಗಿ. ಒಂದು ಉಸಿರಿನಷ್ಟು ಹೊತ್ತು ನಾ ಬಾಯಿ ತೆರೀಲಿಲ್ಲ. ತೆರ್ಯೋದ್ರಾಗ ಅವರು ಕುಂತಿದ್ರು, ಯಾರೋ ಕೋಲಿಲೆ ತೆಪ್ಪಾನ ಒಳಗ ದೂಡಿದ್ರು.

ಇಬ್ಬರ ಭಾರಕ್ಕ ಬೆಸಿಗಿ ಪೂರಾ ಹರೀತು. ಪುಸ್ಸಂತ ಗಾಳಿ ಹೋತು, ತೆಪ್ಪ ಮಡಚಿಕೊಂಡಿತು, ಇಬ್ಬರೂ ನೀರಾಗ. ನಾ ಸೀರಿ ಕಚ್ಚಿ ಹಾಕಿ ಜಿಗದೆ. ನಮ್ಮವರ ತಲಿ ಎರಡು ಸಲ ಕಾಣಿಸಿ ಮಾಯ ಆತು. ಮುಳುಗಿ ಹುಡುಕಿದೆ, ಅಂಗಿ ಕಾಲರ್ ಸಿಕ್ಕಿತು, ಎಳದ್ರ ಮ್ಯಾಲ ಬರವಲ್ರು. ಭಾವ ಅವರ ಸೊಟ್ಟ ಕಾಲು ಎರಡೂ ಕೈಲೆ ಅವಚಿ ಹಿಡದಿದ್ದ. ನನ್ನ ಹಿಮ್ಮಡದಿಂದ ಅವನ ಮುಂಗೈಗಿ ಒದ್ದೆ. ಬಿಡಲಿಲ್ಲ. ಮಾರಿಗಿ ಒದ್ದೆ, ಬಿಟ್ಟ. ಆ ಒದಿಕಿ ಇನ್ನಾ ನನ್ನ ಹಿಮ್ಮಡದಾಗ ಅದ, ಸುಳ್ಳ್ಯಾಕ ಹೇಳ್ಲಿ, ಹಿತಾನೇ ಅನ್ನಿಸ್ತದ.

ನಮ್ಮವರನ್ನ ದಂಡಿಗಿ ಎಳದು ಮಂದಿ ಕೈಗಿ ಕೊಟ್ಟೆ. ಬೋರಲ ಹಾಕಿದಾಗ ನೀರು ಕಾರಿದ್ರು, ಉಸಿರು ಬಂತು. ಭಾವಗ ಬೋಟಿನಿಂದ ಒಂದು ಟ್ಯೂಬ್ ಒಗದಿದ್ರು, ಅದಕ್ಕ ಜೋತು ಬಿದ್ದು ಒದ್ದಾಡಲಿಕ್ಕತ್ತಿದ್ದ. ನಾ ತಿರುಗಿ ಈಸಕೋತ ಅವನ ಹತ್ತಿರ ಹೋದೆ. ಎಳಕೊಂಡು ಬರ್ಲಿಕ್ಕಿ ಬಂದಾಳ ಅಂದುಕೊಂಡ. ನಾ ಒಂದು ಮಾರು ದೂರ ನಿಂತು, ನೀರು ತುಳಕೋತ ಕೇಳಿದೆ: “ಭಾವನವರ, ಯಾವ ತೆಪ್ಪ ತರ್ತೀರಿ?”

“ನೀ ಹೇಳಿದ್ದು ತಾಯಿ... ನೀ ಹೇಳಿದ್ದು ತರ್ತೇನಿ...”

“ನಡಸವರ ಹೆಸರೇನ್ರಿ?”

ಕುಂಟ ಅನ್ನಲಿಲ್ಲ. ತಮ್ಮನ ಹೆಸರು ಪೂರಾ ಹೇಳ್ದ, ಹಿಂದ ಅಪ್ಪನ ಹೆಸರೂ ಸೇರಿಸ್ದ. ಬೀಗರೆಲ್ಲ ಕೇಳಿದ್ರು. ಆಗ ಟ್ಯೂಬಿನ ಹಗ್ಗ ಹಿಡದು ಎಳಕೊಂಡು ಬಂದೆ. ಅಂಥಾ ಹಗೂರ ನನಗ ಜಲ್ಮದಾಗ ಆಗಿರಲಿಲ್ಲ.

ಆ ಸಂಜಿ ನಮ್ಮವರು ಕೌದಿ ಹೊತ್ತು ಕುಂತಿದ್ರು. ಚಾ ಕೊಟ್ಟೆ. ಕಪ್ಪು ಹಿಡದು ಕೇಳಿದ್ರು, “ಬೆಸಿಗಿ ಬಿಟ್ಟಿದ್ದು ನಿನಗ ಗೊತ್ತಿತ್ತು?”

“ಗೊತ್ತಿತ್ತು. ನಿಮ್ಮ ಅಣ್ಣಗ ಹೇಳಿದ್ದೆ, ನಕ್ಕರು.”

“ನಾ ಕಾಲಿಡೋವಾಗೂ ಗೊತ್ತಿತ್ತು.”

ಅದು ಕೇಳಿದ್ದಲ್ಲ, ಹೇಳಿದ್ದು. ಅವರು ಬೈಲಿಲ್ಲ, ಚಾ ಕುಡದ್ರು.

ತಿಂಗಳೊಳಗ ನಾ ಆರಿಸಿದ್ದ ತೆಪ್ಪನೇ ಬಂತು, ಎರಡು ಕೊಳವಿದ್ದು, ಮೆಟ್ಟಲಾ ಇದ್ದಿದ್ದು. ಚಾಚಾ ತಾನ ಬಂದು ಕಟ್ಟಿಸಿ ಹೋದ. ಭಾವ ಈಗ ನನ್ನ ಕಂಡ್ರ ತಾನ ದಾರಿ ಬಿಡತಾನ. ಅವನ ವಿಷಯದಾಗ ನನಗ ಎಳ್ಳಷ್ಟೂ ಪಶ್ಚಾತ್ತಾಪ ಇಲ್ಲ, ಇನ್ನೊಮ್ಮಿ ಮಾಡಂದ್ರೂ ಮಾಡ್ತೇನಿ.

ತೆಪ್ಪ ಕಟ್ಟಿದ ಮರುದಿನಾನೇ ನಮ್ಮವರು ಈಸು ಕಲೀತೇನಿ ಅಂದ್ರು. ನನಗ ಖುಷಿ ಆಗಿ, “ನಾ ಕಲಸ್ತೇನ್ರಿ, ಎಂಟು ದಿನ್ದಾಗ ಕಲಸ್ತೇನಿ,” ಅಂದೆ.

“ಬ್ಯಾಡ,” ಅಂದ್ರು. “ಬಗದಲ್ ಊರಾಗ ಗೆಳೆಯನ ಹೊಲದಾಗ ಬಾವಿ ಅದ. ಅಲ್ಲಿ ಕಲೀತೇನಿ.”

“ಅಷ್ಟು ದೂರ ಯಾಕ್ರಿ? ನಾ ಇದ್ದೇನಲ್ಲ.”

“ನಾ ನೀರಾಗ ಇಳಿಯೋವಾಗ ನೀ ದಂಡಿ ಮ್ಯಾಲ ಇರೂದು ಬ್ಯಾಡ,” ಅಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗಿ ಹೋದ್ರು. ಬೋಟಿಗಿ ರಜಾ ಇದ್ದಾಗೆಲ್ಲ ಹಂಗ ಹೋಗ್ತಾರ. ಈಗ ಚಲೋ ಈಸ್ತಾರಂತ. ಭಾವನ ಬಾಯಿಲೆ ಕೇಳೇನಿ.