ನೂರು ಪುಟ ದಾಟಿದರೆ

ಕಳೆದ ವಾರ ಊರಿನಿಂದ ಬಂದವರೊಬ್ಬರು ಕೊಟ್ಟ ಬಾಫಾತ್ ಪುಡಿಯ ಪೊಟ್ಟಣ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಡೆದುಹೋಯಿತು. ಮೆಣಸು, ಕೊತ್ತಂಬರಿ, ಜೀರಿಗೆ ಎಲ್ಲ ಸೇರಿದ ಆ ಘಾಟಿಗೆ ನನಗೆ ಸೀನು ಬರಬೇಕಿತ್ತು, ಬಂದದ್ದು ಸಿಟ್ಟು. ಮಂಗಳೂರು ಕಡೆಯ ಕ್ರೈಸ್ತರಿಗೆ ಈ ವಾಸನೆ ಬಂದರೆ ಹಬ್ಬದೂಟ ನೆನಪಾಗುತ್ತದಂತೆ. ಮೈಸೂರು ಕಡೆಯವಳಾದ ನನಗೆ ನೆನಪಾಗುವುದು ಒಂದು ದಪ್ಪ ಪುಸ್ತಕ, ಅದನ್ನು ತರಿಸಿದ ಎದುರು ಮನೆಯ ಸಿಸ್ಟರ್ ಆಂಟಿ...

ಸಿಸ್ಟರ್ ಎಂದರೆ ಕನ್ಯಾಸ್ತ್ರೀ ಅಲ್ಲ, ನರ್ಸ್. ನಾವಿರುವ ಈ ಕೊಲ್ಲಿ ದೇಶದಲ್ಲಿ, ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ಕೆಲಸ, ಫಹಾಹೀಲಿನ ನಮ್ಮ ಕಟ್ಟಡದಲ್ಲಿ ವಾಸ. ಮದುವೆಯಾಗಿರಲಿಲ್ಲ. ಮಾತು ಸ್ವಲ್ಪ ಒರಟು. ಲಿಫ್ಟಿನಲ್ಲಿ ಸಿಕ್ಕವರ ಕೆಮ್ಮು ಕೇಳಿ, ಅವರು ಕೇಳದಿದ್ದರೂ ಔಷಧಿ ಹೇಳುವ ಪೈಕಿ. ನನಗೆ ಕೊಂಕಣಿ ಬಾರದು ಎಂದು ಗೊತ್ತಾದ ದಿನದಿಂದ ನನ್ನೊಂದಿಗೆ ಅವರದು ಮಂಗಳೂರು ಕನ್ನಡ.

ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಧರ್ಮೋಪದೇಶದ ತರಗತಿ ಎಲ್ಲ ಮುಗಿಸಿ ಮಧ್ಯಾಹ್ನ ಉಂಡು ಮಲಗಿದ ಮೇಲೆ, ಸಂಜೆ ಕಟ್ಟಡದ ಮಕ್ಕಳೆಲ್ಲ ಆಂಟಿಯ ಮನೆಯಲ್ಲಿ ಸೇರುತ್ತಿದ್ದರು. ಆಂಟಿ ಗಟ್ಟಿಯಾಗಿ ಕಥೆ ಓದುತ್ತಿದ್ದರು. ಇಂಗ್ಲಿಷಿನ ಪುಸ್ತಕ, ನಡುನಡುವೆ ಕನ್ನಡ, ಕೊಂಕಣಿ, ಬೇಕೆಂದಾಗ ಹಿಂದಿ. ಗವಿಯೊಳಗಿಂದ ಏನೋ ಉಸಿರಾಡುವ ಸದ್ದು ಬಂತು ಎನ್ನುವಲ್ಲಿಗೆ ಪುಸ್ತಕ ಮಡಚಿಟ್ಟು, ಕುಕ್ಕರ್ ನೋಡಿ ಬರುತ್ತೇನೆಂದು ಒಳಗೆ ಹೋಗಿಬಿಡುತ್ತಿದ್ದರು. ಮಕ್ಕಳ ಕೂಗು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಒಲೆಯ ಮೇಲೆ ಕುಕ್ಕರ್ ಇರುತ್ತಲೇ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಪಠ್ಯಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟದ ನನ್ನ ಮಗಳು ಓದುವುದನ್ನು ಕಲಿತದ್ದು ಆ ಮನೆಯಲ್ಲಿ. ಆಂಟಿಗೂ ವಾರದಲ್ಲಿ ರೋಗಿಗಳಲ್ಲದವರ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಇದ್ದದ್ದು ಅದೊಂದೇ ಸಂಜೆ. ಅದು ಹೋದರೆ ಅವರಿಗೆ ಇಲ್ಲಿ ಬೇರೇನೂ ಇರಲಿಲ್ಲ.

ಅದು ಹೋಗುವ ಹಾಗೆ ಆಯಿತು. ಒಬ್ಬ ಹುಡುಗ ಮನೆಯಲ್ಲಿ ಯಾವುದೋ ಮಂತ್ರ ಹೇಳಿ ತಂಗಿಯನ್ನು ಕಪ್ಪೆ ಮಾಡಲು ಹೊರಟನಂತೆ. ಅವನಪ್ಪ ಆಂಟಿಯ ಕಪಾಟು ನೋಡಿ, ಮಾಟಗಾತಿಯರಿರುವ ಪುಸ್ತಕಗಳನ್ನು ಹೊರತೆಗೆದು, ನಮ್ಮ ಮಕ್ಕಳಿಗೆ ಇದೆಲ್ಲ ಯಾಕೆ ಎಂದು ಗಲಾಟೆ ಎಬ್ಬಿಸಿದರು. ಅವರು ನಮ್ಮ ಕುಟುಂಬಗಳ ಕೂಟಕ್ಕೆ ಹಿರಿಯರು. ಅವರು ಹೇಳಿದರೆ ಉಳಿದವರು ಹೌದು ಹೌದು ಎನ್ನುವವರೇ. ಕೊನೆಗೆ ರಾಜಿಯಾಯಿತು. ಓದುವುದಾದರೆ ಕ್ರೈಸ್ತ ಪುಸ್ತಕ ಓದಿಸಬೇಕು, ಇಲ್ಲದಿದ್ದರೆ ಶುಕ್ರವಾರ ಸಂಜೆ ಗಣಿತದ ಟ್ಯೂಷನ್.

ಆಗಲೇ ಆ ಕಾದಂಬರಿಯ ಸುದ್ದಿ ಶುರುವಾದದ್ದು. ಕ್ರೈಸ್ತ ಮಕ್ಕಳಿಗೆಂದೇ ಬರೆದ ಅದ್ಭುತ ಸಾಹಸದ ಕಥೆಯಂತೆ, ಬರೆದವನು ಹೊರದೇಶದಲ್ಲಿ ಹುಟ್ಟಿ ಬೆಳೆದ ನಮ್ಮ ಕಡೆಯ ಹುಡುಗನಂತೆ. ನಮ್ಮವನು ಎಂದ ಮೇಲೆ ಕೇಳಬೇಕೆ? ಬಹರೇನಿನವರು ಹೊಗಳಿದರು ಎಂದು ದುಬೈಯವರು ಹೊಗಳಿದರು, ದುಬೈಯವರು ಹೊಗಳಿದರು ಎಂದು ನಾವು ಹೊಗಳಿದೆವು. ಪುಸ್ತಕ ಇನ್ನೂ ಯಾರ ಕೈಗೂ ಬಂದಿರಲಿಲ್ಲ. ಆಂಟಿಯೂ ಮುಳುಗುವವರಿಗೆ ಹಗ್ಗ ಸಿಕ್ಕಿದಂತೆ ಅದನ್ನೇ ಹಿಡಿದುಕೊಂಡರು. ತಿಂಗಳುಗಟ್ಟಲೆ ಮಕ್ಕಳಿಗೆ ಆಸೆ ಹುಟ್ಟಿಸಿದರು. ರಜೆಗೆ ಹೋದವರೆಲ್ಲ ಬಾಫಾತ್ ಪುಡಿ, ಕುಚ್ಚಲಕ್ಕಿ, ಒಣಮೀನು ಕಡಿಮೆ ಮಾಡಿ ಬ್ಯಾಗಿನಲ್ಲಿ ಆ ಪುಸ್ತಕಕ್ಕೆ ಜಾಗ ಮಾಡಿಕೊಂಡು ಬಂದರು. ಮಗಳ ಪ್ರತಿ ಬಂದ ಬ್ಯಾಗಿನಲ್ಲಿ ಪುಡಿಯ ಪೊಟ್ಟಣ ಒಡೆದಿತ್ತು. ಪುಟ ತಿರುವಿದರೆ ಸೀನು.

ಮುಖಪುಟ ಮಾತ್ರ ಕಣ್ಣು ಕುಕ್ಕುವಂತಿತ್ತು. ನೀಲಿ ಬೆಟ್ಟ, ಬೆಟ್ಟದ ತುದಿಯಲ್ಲೊಂದು ಬಾಗಿಲು, ಬಾಗಿಲ ಸಂದಿನಿಂದ ಬೆಳಕು. ಒಳಗೆ? ಹುಡುಗನೊಬ್ಬ ದೀಪ ಹಿಡಿದು ಕತ್ತಲ ರಾಜ್ಯಕ್ಕೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕ ಹದ್ದು ಅವನಿಗೆ ಉಪದೇಶ ಮಾಡುತ್ತದೆ. ಹದ್ದು ಮುಗಿಸಿದ ಮೇಲೆ ಆಮೆ ಉಪದೇಶ ಮಾಡುತ್ತದೆ. ಆಮೆ ಅಲ್ಲವೇ, ನಿಧಾನವಾಗಿ ಮಾಡುತ್ತದೆ. ಬಾಗಿಲು ಮುಚ್ಚಿದ್ದರೆ ಹುಡುಗ ಪ್ರಾರ್ಥಿಸುತ್ತಾನೆ, ಬಾಗಿಲು ತೆರೆಯುತ್ತದೆ. ಮತ್ತೊಂದು ಬಾಗಿಲು, ಮತ್ತೊಂದು ಪ್ರಾರ್ಥನೆ. ನಾನೂ ಪ್ರಾರ್ಥನೆ ಮಾಡುವವಳೇ. ಗಂಡನ ಶುವೈಖಿನ ಗೋದಾಮಿನ ಕೆಲಸ ಹೋಗಿ, ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ತೂಗುಯ್ಯಾಲೆಯಲ್ಲಿದ್ದಾಗ ಮೊಣಕಾಲು ಸವೆಯುವಷ್ಟು ಮಾಡಿದ್ದೇನೆ. ಬಾಗಿಲು ಅಷ್ಟು ಬೇಗ ತೆರೆದದ್ದನ್ನು ನಾನಂತೂ ಕಾಣೆ. ಓದುತ್ತಾ ಓದುತ್ತಾ ನನಗೆ ಮೈಯೆಲ್ಲ ಉರಿಯಿತು. ದೇವರ ಹೆಸರಿನಲ್ಲಿ ಮಕ್ಕಳಿಗೆ ಇಷ್ಟು ಸಪ್ಪೆ ಊಟ ಬಡಿಸಬೇಕೆ?

"ಮಮ್ಮಿ, ಅವನಿಗೆ ಭಯಾನೇ ಆಗಲ್ಲ. ಸೋ ಬೋರಿಂಗ್," ಎಂದಳು ಮಗಳು. ಆಗ ಅವಳಿಗೆ ಹದಿಮೂರು. ಪುಸ್ತಕವನ್ನು ಪಕ್ಕಕ್ಕೆ ತಳ್ಳಿ ಕುಳಿತವಳ ಮುಖದಲ್ಲಿ ಮೋಸಹೋದವರ ಕಳೆ ಇತ್ತು. ಅಷ್ಟು ದಿನ ಕಾದಿದ್ದಳಲ್ಲ.

ನಾನು ಹೋಗಿ ಆಂಟಿಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ ತಲೆಯೆತ್ತದೆ, "ನೂರು ಪುಟ ದಾಟಲಿ ಮಾರಾಯ್ತಿ, ಮತ್ತೆ ಸರಿಯಾಗ್ತದೆ," ಎಂದರು. ನೂರು ದಾಟಿತು, ಇನ್ನೂರು ದಾಟಿತು. ಶುಕ್ರವಾರ ಬಂದರೆ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಪರೀಕ್ಷೆ. ಆಂಟಿ ಓದುವಾಗ ಗವಿ ಬಂದರೂ ಕುಕ್ಕರ್ ನೋಡಲು ಏಳುತ್ತಿರಲಿಲ್ಲ. ಎದ್ದರೆ ಯಾರೂ ಕೂಗುವುದಿಲ್ಲ ಎಂದು ಅವರಿಗೂ ಗೊತ್ತಾಗಿರಬೇಕು. ಆದರೂ ಒಪ್ಪಲಿಲ್ಲ. ಡ್ಯೂಟಿ ಬಸ್ಸಿನಲ್ಲಿ ಕುಳಿತು ಓದಿ ಮುಗಿಸಿದ್ದಾರೆಂದು ನನಗೆ ಗೊತ್ತಿತ್ತು. ಹೇಗಿತ್ತು ಎಂದು ಕೇಳಿದರೆ ನಿಮ್ಮ ಮನೆಯಲ್ಲಿ ನೀರು ಬರುತ್ತಿದೆಯೇ ಎನ್ನುವರು. ನುಂಗಲಾರದ, ಉಗುಳಲಾರದ ಬಿಸಿ ತುಪ್ಪ ಅದು. ಚೆನ್ನಾಗಿಲ್ಲ ಎಂದರೆ ಶುಕ್ರವಾರದ ಸಂಜೆ ಹೋಗುತ್ತದೆ, ಚೆನ್ನಾಗಿದೆ ಎಂದರೆ ಮಕ್ಕಳು ಹೋಗುತ್ತಾರೆ.

ಅಪ್ಪ ಅಮ್ಮಂದಿರಿಗೆ ಮಾತ್ರ ಪರಮಾನಂದ. ಒಬ್ಬರೂ ಓದಿರಲಿಲ್ಲ, ಅದಕ್ಕೇ ಇರಬೇಕು. ಆ ಹಿರಿಯರ ಮುಂದಾಳತ್ವದಲ್ಲಿ ಪುಸ್ತಕದ ಮೇಲೊಂದು ಕ್ವಿಜ್ ಏರ್ಪಾಡಾಯಿತು. ಫಹಾಹೀಲಿನ ಹೋಟೆಲೊಂದರ ಪಾರ್ಟಿ ಹಾಲ್, ಬಣ್ಣದ ಬಲೂನು, ಬಿರಿಯಾನಿ. ಪ್ರಶ್ನೆಗಳನ್ನು ಆಂಟಿಯಿಂದಲೇ ಬರೆಸಿದ್ದರು. ಮಕ್ಕಳು ಹದ್ದು ಏನು ಹೇಳಿತು, ಆಮೆ ಏನು ಹೇಳಿತು ಎಂದು ಗಿಣಿಪಾಠ ಒಪ್ಪಿಸಿದರು. ನನ್ನ ಮಗಳು ಗೆದ್ದಳು. ಬಹುಮಾನ ಕೊಡುವ ಮೊದಲು ಹಿರಿಯರು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, ಈ ಪುಸ್ತಕದಲ್ಲಿ ನಿನಗೆ ಅತ್ಯಂತ ಇಷ್ಟವಾದದ್ದು ಏನು ಎಂದು ಕೇಳಿದರು.

"ಕವರ್," ಎಂದಳು.

ಹಾಲ್ ತುಂಬ ನಗು. "ಒಳಗೆ?" ಎಂದರು ಅವರು, ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು.

"ಒಳಗೆ ಏನೂ ಇಲ್ಲ, ಅಂಕಲ್."

ನಗು ನಿಂತಿತು. ಅವರು ಮಗಳ ಕಡೆ ಬಾಗಿ, "ದೇವರ ಪುಸ್ತಕಕ್ಕೆ ಹೀಗೆ ಹೇಳ್ತಾರಾ? ಸಾರಿ ಹೇಳು," ಎಂದರು. ಮೈಕ್ ಆನ್ ಇತ್ತು, ಎಲ್ಲರಿಗೂ ಕೇಳಿಸಿತು. ಮಗಳು ಕೆಳತುಟಿ ಕಚ್ಚಿಕೊಂಡು ನೆಲ ನೋಡುತ್ತಾ ನಿಂತಳು. ನಾನು ಕುರ್ಚಿಗಳ ನಡುವೆ ನುಸುಳಿಕೊಂಡು ಅವಳ ಕಡೆ ಹೊರಟೆ. ಅಷ್ಟರಲ್ಲಿ ವೇದಿಕೆಯ ಪಕ್ಕದಲ್ಲಿದ್ದ ಸಿಸ್ಟರ್ ಆಂಟಿ ಎದ್ದು ಹೋಗಿ ಅವಳ ಭುಜದ ಮೇಲೆ ಕೈಯಿಟ್ಟಿದ್ದರು.

"ಅದು ದೇವರ ಪುಸ್ತಕ ಅಲ್ಲ ಮಾರಾಯ್ರೆ, ದೇವರ ಹೆಸರು ಹಾಕಿದ ಪುಸ್ತಕ," ಎಂದರು. "ಹುಡುಗಿ ಸರಿಯಾಗಿಯೇ ಹೇಳಿದ್ದು. ನಾನು ಪೂರ್ತಿ ಓದಿದ್ದೇನೆ. ಚಂದ ಇಲ್ಲ. ಓದುವ ಮೊದಲೇ ಚಂದ ಉಂಟು ಅಂತ ಮಕ್ಕಳಿಗೆ ಹೇಳಿದವಳು ನಾನು. ಸಾರಿ ಹೇಳ್ಬೇಕಾದ್ದು ನಾನು." ಮಕ್ಕಳ ಕಡೆ ತಿರುಗಿ ಸಾರಿ ಎಂದರು, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವಾಗ ಹೇಳುವ ಹಾಗೆ, ಚುಟುಕಾಗಿ. ಆಮೇಲೆ ಮಗಳ ಕೈಹಿಡಿದು ಬಿರಿಯಾನಿಯ ಕಡೆ ನಡೆದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅದೇ ಆಯಿತು. ಯಾರೂ ಜಗಳ ಮಾಡಲಿಲ್ಲ, ಬಾಯಿ ತುಂಬ ಮಾತಾಡಿಸುತ್ತಲೇ ಇದ್ದರು. ಮುಂದಿನ ಶುಕ್ರವಾರ ಆಂಟಿ ಬಾಗಿಲು ತೆರೆದಿಟ್ಟರು, ನನ್ನ ಮಗಳೊಬ್ಬಳು ಹೋದಳು. ಅದರ ಮುಂದಿನ ಶುಕ್ರವಾರವೂ ಅವಳೊಬ್ಬಳೇ. ಉಳಿದ ಮಕ್ಕಳು ಟ್ಯೂಷನ್ನಿಗೆ ಸೇರಿದ್ದರು. ಕೆಳಗಿನ ಅಂಗಳದಲ್ಲಿ ಗಣಿತದ ಪುಸ್ತಕ ಹಿಡಿದು ನಿಂತ ಹುಡುಗರು ಮೇಲೆ ಆಂಟಿಯ ಕಿಟಕಿಯ ಕಡೆ ನೋಡುವುದನ್ನು ನಾನೇ ಕಂಡಿದ್ದೇನೆ.

ನನಗೆ ತಡೆಯಲಾಗಲಿಲ್ಲ. ಹಿರಿಯರ ಮೇಲಿನ ಸಿಟ್ಟನ್ನೆಲ್ಲ ಆಂಟಿಯ ಮೇಲೆ ತೀರಿಸಿದೆ. "ಇಷ್ಟು ದಿನ ಸುಮ್ನಿದ್ರಿ. ಇನ್ನೊಂದು ಗಂಟೆ ಸುಮ್ನಿರೋಕಾಗ್ತಿರಲಿಲ್ವಾ? ಎಲ್ಲಾ ಹಾಳಾಯ್ತಲ್ಲ, ಆಂಟಿ."

"ಹುಡುಗಿ ಒಬ್ಬಳೇ ನಿಂತಿದ್ದಳಲ್ಲ," ಎಂದರು.

ನಿಂತಿದ್ದವಳು ನನ್ನದೇ ಮಗಳು. ಆದರೂ ಸಿಟ್ಟು ಇಳಿಯಲಿಲ್ಲ, ನಿಜ ಹೇಳಬೇಕೆಂದರೆ ಈಗಲೂ ಇಳಿದಿಲ್ಲ. ಸುಳ್ಳು ಹೊಗಳಿದವರ ಮನೆಯಲ್ಲಿ ಎಲ್ಲವೂ ಮೊದಲಿನಂತೆಯೇ ನಡೆಯಿತು. ನಿಜ ಹೇಳಿದವರ ಮನೆಯಲ್ಲಿ ಶುಕ್ರವಾರ ಸಂಜೆ ಟಿವಿಯ ಸದ್ದೊಂದೇ ಕೇಳತೊಡಗಿತು. ಇದು ಯಾವ ನ್ಯಾಯ? ಕೆಲವು ವರ್ಷಗಳ ಮೇಲೆ ಆಂಟಿಯ ಕೆಲಸ ಮುಗಿದು, ಇಕಾಮಾ ರದ್ದಾಗಿ ಅವರು ತಮ್ಮನ ಮನೆಗೆಂದು ಊರಿಗೆ ಹೊರಟರು. ಕಪಾಟಿನ ಪುಸ್ತಕಗಳನ್ನೆಲ್ಲ, ಮಾಟಗಾತಿಯರ ಸಮೇತ, ನನ್ನ ಮಗಳಿಗೆ ಕೊಟ್ಟರು. ವಿಮಾನ ನಿಲ್ದಾಣದಲ್ಲಿ ಅವಳಿಗಿಂತ ಹೆಚ್ಚು ಅತ್ತವಳು ನಾನು...

ಎರಡು ತಿಂಗಳ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು. ಸುದ್ದಿ ತಿಳಿದದ್ದು ನಮ್ಮ ಕೂಟದ ವಾಟ್ಸಾಪ್ ಗುಂಪಿನಲ್ಲಿ. ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು, ಮೇಣದಬತ್ತಿಗಳು. ಮಕ್ಕಳಲ್ಲಿ ಓದಿನ ದೀಪ ಹಚ್ಚಿದ ಮಹಾತಾಯಿ ಎಂದು ಒಬ್ಬರು ಬರೆದರು, ಉಳಿದವರು ಅದನ್ನೇ ನಕಲು ಮಾಡಿ ಹಾಕಿದರು. ಶುಕ್ರವಾರ ತಮ್ಮ ಮಕ್ಕಳನ್ನು ತಡೆದಿಟ್ಟುಕೊಂಡವರೇ ಇವರು. ಒಂದು ದಿನವೂ ಬಂದು ಪಕ್ಕದಲ್ಲಿ ಕುಳಿತು ಅವರು ಓದುವುದನ್ನು ಕೇಳಿದವರಲ್ಲ. ಪುಸ್ತಕವನ್ನು ಹೊಗಳಿದ ಹಾಗೆಯೇ ಅವರನ್ನೂ ಹೊಗಳುತ್ತಿದ್ದಾರೆ ಎಂದುಕೊಂಡು ಫೋನನ್ನು ಮಗುಚಿಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊನ್ನೆ ಆ ಹಿರಿಯರದೇ ಪ್ರಕಟಣೆ ಬಂತು. ಸಿಸ್ಟರ್ ಅವರ ನೆನಪಿನಲ್ಲಿ ಪ್ರತಿವರ್ಷ ಮಕ್ಕಳಿಗೆ ಓದಿನ ಬಹುಮಾನ. ಬಹುಮಾನವಾಗಿ ಕೊಡುವುದು ಯಾವ ಪುಸ್ತಕ? ಅದೇ. ಈಗ ಅದರ ಮೂರು ಭಾಗ ಬಂದಿದೆಯಂತೆ, ಒಟ್ಟಿಗೆ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದಂತೆ.

ಅದು ಅವರಿಗೆ ಇಷ್ಟವಿರಲಿಲ್ಲ, ನೀವೇ ಎದುರಿಗಿದ್ದಿರಿ, ನೆನಪು ಮಾಡಿಕೊಳ್ಳಿ ಎಂದು ನಾನು ಬರೆದೆ. ಸ್ವಲ್ಪ ಹೊತ್ತಿಗೆ ಅವರ ಧ್ವನಿ ಸಂದೇಶ ಬಂತು. ಮುದಿ ಧ್ವನಿ, ಕಪಟವೇನೂ ಇರಲಿಲ್ಲ. "ಹೌದಾ? ನನಗೆ ನೆನಪೇ ಇಲ್ಲಮ್ಮ. ಅದನ್ನು ಇಲ್ಲಿಗೆ ಮೊದಲು ತರಿಸಿದ್ದು ಅವರೇ ಅಲ್ವಾ? ಅವರ ಫೇವರಿಟ್ ಬುಕ್ ಅಂತ ಎಲ್ಲರೂ ಹೇಳ್ತಾರೆ. ಆರ್ಡರೂ ಆಗಿದೆ, ಖಲಾಸ್."

ಮಗಳು ಈಗ ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಪಕ್ಕದಲ್ಲಿ ಕುಳಿತು ಆ ಸಂದೇಶವನ್ನು ಎರಡನೇ ಸಲ ಕೇಳಿಸಿಕೊಂಡಳು. "ಬಿಡು ಮಮ್ಮಿ, ಅವರು ಈಗ್ಲೂ ಓದಿಲ್ಲ," ಎಂದಳು. ನಗಲು ನೋಡಿದಳು, ಆಗಲಿಲ್ಲ.

ಇನ್ನು ಆ ಪುಸ್ತಕದ ಮೊದಲ ಪುಟದಲ್ಲಿ ಆಂಟಿಯ ಹೆಸರಿನ ಚೀಟಿ ಅಂಟಿರುತ್ತದೆ, ವರ್ಷ ವರ್ಷ, ಒಂದಲ್ಲ ಒಂದು ಮಗುವಿನ ಕೈಯಲ್ಲಿ. ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗಬಲ್ಲವರು, ನಕ್ಕು ಮುಗಿಸಿ ಎದ್ದು ಹೋಗಿ ಬೇಡ ಎಂದು ಹೇಳಿ ಬರಬಲ್ಲವರು ಒಬ್ಬರೇ ಒಬ್ಬರಿದ್ದರು. ಅವರಿಗೆ ತಿಳಿಸೋಣವೆಂದರೆ ಅವರೇ ಇಲ್ಲ.