ಗಿರಾಕಿ ಒಪ್ಪಬೇಕು

ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯ ವಿಜ್ಞಾನಿ, ಗಿಡ-ಹುಳಗಳ ಮೈಯಲ್ಲಿ ಹುಟ್ಟುವ ವಸ್ತುಗಳನ್ನು ಪ್ರಯೋಗಾಲಯದ ಸೀಸೆಯಲ್ಲಿ ಹುಟ್ಟಿಸುತ್ತಲೇ ತಲೆ ನರೆಸಿಕೊಂಡವರು. ಕಾಫಿ ಕೊಟ್ಟರೂ ಲೋಟದ ಮೇಲೆ ಕೈಬೀಸಿ, ಗಾಳಿಯನ್ನು ಮೂಗಿನತ್ತ ತಂದುಕೊಂಡು ಮೂಸಿಯೇ ಕುಡಿಯುತ್ತಿದ್ದರು. "ಲ್ಯಾಬಿನ ಮಿಷಿನ್ ಪಾಸ್ ಮಾಡಿದ್ರೆ ಸಾಲ್ದು ಕಣಪ್ಪ, ಗಿರಾಕಿ ಒಪ್ಪಬೇಕು" ಎನ್ನುವುದು ಅವರ ಮಾತು.

ಒಮ್ಮೆ, ಗಂಡನ್ನು ಕರೆಯಲು ಹೆಣ್ಣು ರೇಷ್ಮೆ ಚಿಟ್ಟೆ ಬಿಡುವ ವಾಸನೆಯನ್ನೇ ಹೊಸ ದಾರಿಯಲ್ಲಿ ತಯಾರಿಸಿದರು. ಆ ವಾಸನೆಯ ಗಿರಾಕಿಗಳು ನಮ್ಮ ಮನೆಯಲ್ಲೇ ಇದ್ದರು. ಅಮ್ಮ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಮಾರುತ್ತಿದ್ದಳು. ಗಂಡು-ಹೆಣ್ಣು ಚಿಟ್ಟೆಗಳನ್ನು ಜೋಡಿಯಾಗಲು ಬಿಟ್ಟಿದ್ದ ತಟ್ಟೆಯ ಅಂಚಿಗೆ ಅವರು ವಾಸನೆ ಸವರಿದ ಕಾಗದ ಇಟ್ಟು, ಎದೆ ತಟ್ಟೆಗೆ ತಾಕುವಷ್ಟು ಬಾಗಿದರು. ಗಂಡುಗಳು ರೆಕ್ಕೆ ಬಡಿಯುತ್ತ ಹೊರಟವು, ಆದರೆ ಕಾಗದದ ಕಡೆಗಲ್ಲ. ಸೀಸೆ ಒರೆಸಿದ ಕರವಸ್ತ್ರ ಅವರ ಜೇಬಿನಲ್ಲಿತ್ತು! ಎಲ್ಲವೂ ಷರ್ಟು ಹತ್ತಿದವು.

"ಅಯ್ಯೋ, ಆಚೆ ಹೋಗಿ ಸಾರ್! ನಮ್ ಹೆಣ್ಗಳನ್ನ ಒಂದೂ ತಿರುಗಿ ನೋಡ್ತಿಲ್ಲ!" ಎಂದು ಅಮ್ಮ ಕೂಗಿದಳು.

"ಒಪ್ಬಿಟ್ವು ಕಣಮ್ಮಾ, ಒಪ್ಬಿಟ್ವು!" ಎನ್ನುತ್ತ ಅವರು ಎದೆತುಂಬ ಚಿಟ್ಟೆ ಹೊತ್ತು ಅಂಗಳಕ್ಕೆ ಓಡಿದರು.

ಈ ವಾಸನೆಯ ಬಗೆಗಿನ ಅವರ ಪ್ರಬಂಧ ಅಚ್ಚಿಗೆ ಒಪ್ಪಿಗೆಯಾಯಿತೆಂದು ಇ-ಮೇಲ್ ಬಂದ ದಿನ ಮೈಸೂರುಪಾಕು ಹಿಡಿದು ಬಂದರು. ಅಮ್ಮ ಬಾಗಿಲಿಗೆ ಅಡ್ಡನಿಂತು, ಅವರಂತೆಯೇ ಕೈಬೀಸಿ ಗಾಳಿ ಮೂಸಿದಳು.

"ಅದೇ ಷರ್ಟಲ್ವಾ ಸಾರ್? ಒಗ್ದಿದೀರ ತಾನೇ?"

"ಸರ್ಟಿಫಿಕೇಟ್‌ನ ಯಾರಾದ್ರೂ ಒಗೀತಾರೇನಮ್ಮಾ?"

ಮೈಸೂರುಪಾಕನ್ನು ನಾವು ಅಂಗಳದಲ್ಲೇ ತಿಂದೆವು.